ಅದೇ ನೀರು

ಕೊಲಂಬಸನ ಪಾಠ ಮಾಡುವಾಗಲೆಲ್ಲ ನನಗೆ ಇಂಗ್ಲೆಂಡಿನ ಆನ್ ಡೇವಿಸನ್ ನೆನಪಾಗುತ್ತಾಳೆ. ಅಟ್ಲಾಂಟಿಕ್ ಸಾಗರವನ್ನು ಹಾಯಿದೋಣಿಯಲ್ಲಿ ಒಬ್ಬಳೇ ದಾಟಿದ ಮೊದಲ ಹೆಣ್ಣು ಆಕೆ. ಆದರೆ ನನ್ನ ಮನಸ್ಸು ನಿಲ್ಲುವುದು ಆ ಗೆಲುವಿನ ಮೇಲಲ್ಲ, ಅದಕ್ಕೂ ಮುಂಚಿನ ಕೆಲವು ದಿನಗಳ ಮೇಲೆ.

1949ರಲ್ಲಿ, ಸಾಲಗಾರರ ಕಾಟ ತಾಳದೆ, ಗಂಡಹೆಂಡಿರಿಬ್ಬರೂ ‘ರಿಲಯನ್ಸ್’ ಎಂಬ ಹಳೆಯ ಹಡಗಿನಲ್ಲಿ ಹೊರಟರು. ಪೋರ್ಟ್‌ಲ್ಯಾಂಡ್ ಬಿಲ್ ಭೂಶಿರದ ಬಳಿ ಹಡಗು ಒಡೆಯಿತು. ತೆಪ್ಪ ಹಿಡಿದು ತೇಲುತ್ತಿದ್ದಾಗ ಗಂಡ ಫ್ರಾಂಕ್ ಅವಳ ಕಣ್ಣೆದುರಿಗೇ ತೀರಿಕೊಂಡ.

ಅಂಥವಳು ಮತ್ತೆ ಕಡಲಿನ ಕಡೆ ತಿರುಗಿಯಾದರೂ ನೋಡುತ್ತಾಳೆಯೆ? 1952ರ ಮೇ 18ರಂದು, 23 ಅಡಿಯ ‘ಫೆಲಿಸಿಟಿ ಆನ್’ ದೋಣಿಯಲ್ಲಿ ಪ್ಲಿಮತ್ ಬಂದರಿನಿಂದ ಒಬ್ಬಳೇ ಹೊರಟಳು. ಹಿಂದೆ ವಿಮಾನ ಹಾರಿಸಿದ್ದವಳು ನಿಜ, ಹಾಯಿಯ ವಿದ್ಯೆಯಲ್ಲಿ ಮಾತ್ರ ಇನ್ನೂ ಹೊಸಬಳು. ಮೊದಲು ದಾಟಬೇಕಾದದ್ದೋ, ಗಂಡನನ್ನು ನುಂಗಿದ ಅದೇ ಇಂಗ್ಲಿಷ್ ಕಡಲ್ಗಾಲುವೆ. ಚುಕ್ಕಾಣಿ ಹಿಡಿಯುವವಳೂ ಅವಳೇ, ಹಾಯಿ ಇಳಿಸುವವಳೂ ಅವಳೇ, ಅಡುಗೆಯೂ ಅವಳದೇ (ಇದು ನಮಗೇನು ಹೊಸತಲ್ಲ!). ಕಣ್ಣು ಮುಚ್ಚಿದರೆ ಕಾಯುವವರಿಲ್ಲ. ಕೊನೆಗೆ ಫ್ರಾನ್ಸಿನ ಮೀನುಗಾರರು ಹಗ್ಗ ಕಟ್ಟಿ ಅವಳ ದೋಣಿಯನ್ನು ಬ್ರಿಟನಿ ತೀರದ ಡುಆರ್ನನೇ ಬಂದರಿಗೆ ಎಳೆದು ತಂದರು.

ಅಲ್ಲಿಂದಲೇ ಊರಿಗೆ ಮರಳಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವಳು ಮತ್ತೆ ಹಾಯಿ ಬಿಚ್ಚಿದಳು. ಸ್ಪೇನ್, ಮೊರಾಕೊಗಳ ಕರಾವಳಿ ಹಿಡಿದು ಕೆನರಿ ದ್ವೀಪಗಳಿಗೆ ಬಂದಳು; ಕೊಲಂಬಸ್ ಹೊರಟದ್ದೂ ಅಲ್ಲಿಂದಲೇ. ನವೆಂಬರ್ 20ರಂದು ಅಲ್ಲಿಂದ ಹೊರಟು, 1953ರ ಜನವರಿ 23ರಂದು ಡೊಮಿನಿಕಾ ದ್ವೀಪ ಮುಟ್ಟಿದಳು. ಹೋಗಬೇಕೆಂದಿದ್ದುದು ಆಂಟಿಗುವಾಕ್ಕೆ, ಬಿರುಗಾಳಿ ಅವಳನ್ನು ದಕ್ಷಿಣಕ್ಕೆ ತಳ್ಳಿತ್ತು.