ಹಲ್ಲಿನ ಮೇಲೆ ಹೊರಿಸಿದ ಜ್ವರ

ಉಪ್ಪಳದ ಹತ್ತಿರ ನಮ್ಮ ಉಪ್ಪನದೊಂದು ಜೀನಸು ಅಂಗಡಿ. ಗ್ರೈಪ್ ವಾಟರ್, ಬಜೆ, ಜಾಯಿಕಾಯಿ, ಬಾಳೆಕಾಯಿ ಪುಡಿ ಎಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿ ಇರುತ್ತವೆ. "ಕುಂಞಿಗೆ ಪಲ್ಲ್ ಬರುತ್ತಿದೆ, ಏನಾದರೂ ಕೊಡಿ" ಎಂದು ಕೇಳಿಕೊಂಡು ಬರುವವರನ್ನು ನಾನು ಶಾಲೆಗೆ ಹೋಗುವ ಕಾಲದಿಂದಲೂ ನೋಡಿದ್ದೇನೆ. ಜ್ವರ ಬಂದರೆ ಪಲ್ಲ್, ಭೇದಿಯಾದರೆ ಪಲ್ಲ್, ರಾತ್ರಿ ಅತ್ತರೂ ಪಲ್ಲ್.

ಕಳೆದ ವರ್ಷ ನಮ್ಮ ಮನೆಯಲ್ಲೂ ಅದೇ ಆಯಿತು. ಮಗಳಿಗೆ ಏಳು ತಿಂಗಳು, ರಾಗಿ ಮಣ್ಣಿ ಶುರು ಮಾಡಿ ಮೂರು ವಾರ ಆಗಿತ್ತಷ್ಟೆ. ಜ್ವರ ಬಂತು. ವಸಡು ಮುಟ್ಟಿ ನೋಡಿದ ಉಮ್ಮ, "ಪಲ್ಲ್‌ನ ಜ್ವರ, ಹೆದರಬೇಡ" ಎಂದರು. ಮೂರು ದಿನ ಕಾದೆವು. ನಾಲ್ಕನೆಯ ದಿನ ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು ಮೂತ್ರದ ಸೋಂಕು. ಔಷಧಿಯಿಂದ ಗುಣವಾಯಿತು. ಆದರೆ ಆ ಮೂರು ದಿನ ನನ್ನ ತಲೆಯಿಂದ ಹೋಗಲಿಲ್ಲ. ಈ ನಂಬಿಕೆ ಎಲ್ಲಿಂದ ಬಂತೆಂದು ಹುಡುಕತೊಡಗಿದೆ.

ತಪ್ಪು ನಮ್ಮ ಉಮ್ಮಂದಿರದ್ದಲ್ಲ. ಹಲ್ಲು ಬರುವಾಗ ಜ್ವರ, ಭೇದಿ, ಸೆಳವು ಬರುತ್ತದೆಂದು ಗ್ರೀಸಿನ ಹಿಪ್ಪೊಕ್ರೆಟಿಸ್ ಹೆಸರಿನ ಗ್ರಂಥಗಳಲ್ಲೇ ಇದೆ. ಸಾವಿರ ವರ್ಷದ ಹಿಂದೆ ಇಬ್ನು ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ವಸಡಿಗೆ ಕೋಳಿಯ ಕೊಬ್ಬು ತಿಕ್ಕಲು, ಕಚ್ಚಲು ಜ್ಯೇಷ್ಠಮಧುವಿನ ಬೇರು ಕೊಡಲು ಹೇಳಿದ್ದಾರೆ. ದೇಹ ಹಲ್ಲು ಕಟ್ಟುವ ಕೆಲಸದಲ್ಲಿ ತೊಡಗಿರುವಾಗ ಜೀರ್ಣದ ಕಡೆಗೆ ಗಮನ ಸಾಲದೆ ಭೇದಿಯಾಗುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಆ ಕಾಲಕ್ಕೆ ಅದು ಒಳ್ಳೆಯ ತರ್ಕವೇ. ಬೇರು ಕಚ್ಚಿಸಿದ್ದರಿಂದ ಯಾರ ಜೀವವೂ ಹೋಗಿರಲಾರದು.

ಜೀವ ಹೋದದ್ದು ಆಮೇಲೆ. 16ನೇ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಯಿಸ್ ಪರೇ ಎಂಬ ಶಸ್ತ್ರವೈದ್ಯ ಹಲ್ಲಿಗೆ ದಾರಿ ಬಿಡಲೆಂದು ಮಗುವಿನ ವಸಡು ಕೊಯ್ಯುವುದನ್ನು ಬರೆದಿಟ್ಟ. ಅದು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಮರಣ ದಾಖಲೆಗಳಲ್ಲಿ 5,016 ಸಾವುಗಳಿಗೆ ಕಾರಣವೆಂದು ಬರೆದಿರುವುದು ಒಂದೇ ಪದ: ಹಲ್ಲು ಹುಟ್ಟುವುದು. ಅಷ್ಟು ಮಕ್ಕಳು ನಿಜವಾಗಿ ಯಾವುದರಿಂದ ಸತ್ತರೆಂದು ಯಾರೂ ಹುಡುಕಲಿಲ್ಲ, ಉತ್ತರ ಆಗಲೇ ಕೈಯಲ್ಲಿತ್ತಲ್ಲ!

ಉತ್ತರ ಇದ್ದಲ್ಲಿ ಸಾಮಾನು ಮಾರುವವರೂ ಹುಟ್ಟುತ್ತಾರೆ. (ಅಂಗಡಿಯವನ ಮಗನಾಗಿ ಹೇಳುತ್ತಿದ್ದೇನೆ.) ಅಮೆರಿಕದಲ್ಲಿ 1849ರಿಂದ ಮಿಸೆಸ್ ವಿನ್ಸ್‌ಲೋ ಹೆಸರಿನ ಸಿರಪ್ ಮಾರಾಟವಾಯಿತು. ಕುಡಿಸಿದರೆ ಮಗು ಸುಮ್ಮನಾಗುತ್ತಿತ್ತು, ಏಕೆಂದರೆ ಅದರಲ್ಲಿ ಇದ್ದದ್ದು ಮಾರ್ಫಿನ್. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಇಂಗ್ಲೆಂಡಿನಲ್ಲಿ ಸ್ಟೀಡ್‌ಮನ್ ಮುಂತಾದ ಹಲ್ಲಿನ ಪುಡಿಗಳಲ್ಲಿ ಕ್ಯಾಲೊಮೆಲ್, ಅಂದರೆ ಪಾದರಸದ ಲವಣ ಇರುತ್ತಿತ್ತು. ಅದೇ ಕಾಲದಲ್ಲಿ 'ಪಿಂಕ್ ಡಿಸೀಸ್' ಎಂಬ ಕಾಯಿಲೆ ಮಕ್ಕಳನ್ನು ಕಾಡುತ್ತಿತ್ತು. ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಚರ್ಮ ಸುಲಿಯುವುದು, ಬೆಳಕು ಕಂಡರೆ ಮುಖ ಮುಚ್ಚುವುದು, ಕೆಲವರಿಗೆ ಹಲ್ಲೇ ಉದುರುವುದು. ಹಲ್ಲು ಬರಲೆಂದು ಕೊಟ್ಟ ಪುಡಿ! 1948ರಲ್ಲಿ ವಾರ್ಕನಿ ಮತ್ತು ಹಬ್ಬರ್ಡ್ ಎಂಬ ಅಮೆರಿಕದ ಸಂಶೋಧಕರು ಈ ಮಕ್ಕಳ ಮೂತ್ರದಲ್ಲಿ ಪಾದರಸ ಕಂಡರು. 1954ರ ಹೊತ್ತಿಗೆ ಬ್ರಿಟನ್ನಿನ ಹಲ್ಲಿನ ಪುಡಿಗಳಿಂದ ಪಾದರಸವನ್ನು ತೆಗೆದರು. ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು.

ಹಾಗಾದರೆ ಹಲ್ಲು ಬರುವ ತಿಂಗಳುಗಳಲ್ಲೇ ಮಕ್ಕಳಿಗೆ ಕಾಯಿಲೆ ಬರುವುದು ಸುಳ್ಳೇ? ಸುಳ್ಳಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಎರಡು ಚಕ್ರ ಒಟ್ಟಿಗೆ ತಿರುಗಿದರೆ ಒಂದು ಇನ್ನೊಂದನ್ನು ತಿರುಗಿಸುತ್ತಿದೆ ಎಂದಲ್ಲ, ಎರಡಕ್ಕೂ ಬೆಲ್ಟ್ ಬೇರೆ ಕಡೆಯಿಂದ ಬಂದಿರಬಹುದು. ಮೊದಲ ಹಲ್ಲು ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕಡಿಮೆಯಾಗುವುದೂ ಆಗಲೇ. ಮಗು ನೆಲದ ಮೇಲೆ ಹರಿದಾಡಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದೂ, ಎದೆಹಾಲಿನ ಜೊತೆ ಮಣ್ಣಿ, ನೀರು, ಬಟ್ಟಲು, ಚಮಚ ಎಲ್ಲ ಮೊದಲ ಸಲ ಬಾಯಿಗೆ ಬರುವುದೂ ಆಗಲೇ. ಭೇದಿ ಬರುವುದು ಆ ನೀರಿನಿಂದ, ಬಟ್ಟಲಿನಿಂದ. ಹಲ್ಲು ಪಾಪ ಅದೇ ಹೊತ್ತಿಗೆ ಬಂದು ನಿಂತಿರುತ್ತದೆ.

2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 125 ಮಕ್ಕಳ 475 ಹಲ್ಲುಗಳನ್ನು ತಂದೆತಾಯಂದಿರೇ ದಿನದಿನವೂ ಬರೆದಿಟ್ಟರು. ಜೊಲ್ಲು, ಕಚ್ಚುವುದು, ಕಿರಿಕಿರಿ, ಮೈ ಸ್ವಲ್ಪ ಬೆಚ್ಚಗಾಗುವುದು, ಇವು ಹಲ್ಲಿಗೆ ಸೇರಿದವು. 102 ಡಿಗ್ರಿ ಮೀರಿದ ಜ್ವರಕ್ಕೂ ಹಲ್ಲಿಗೂ ಸಂಬಂಧ ಕಾಣಲಿಲ್ಲ.

ಆಹಾರದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಪಡಲು ಒಂದು ಕಾರಣವಿದೆ. ಕೇರಳದ ಅಂಗನವಾಡಿಗಳಲ್ಲಿ ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಕೊಡುವ ಅಮೃತಂ ಪುಡಿ ತಯಾರಾದದ್ದು ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯ ನೆರವಿನಿಂದ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಅದನ್ನು ಮಾಡುವವರು ಕುಡುಂಬಶ್ರೀಯ ಹೆಂಗಸರು. ಮಗುವಿಗಿಂತ ಹೆಚ್ಚು ದೊಡ್ಡವರೇ ಉಂಡೆ ಕಟ್ಟಿ ತಿನ್ನುತ್ತಾರೆ ಎಂಬುದು ಬೇರೆ ಮಾತು.

ಮಗಳ ಜ್ವರ ಬಿಟ್ಟು ಒಂಬತ್ತನೆಯ ದಿನಕ್ಕೆ ಕೆಳಗಿನ ವಸಡಿನಲ್ಲಿ ಬಿಳಿ ಚುಕ್ಕೆ ಕಂಡಿತು. ಮಣ್ಣಿ ಕೊಡುತ್ತಿದ್ದ ಉಮ್ಮನಿಗೆ ಸ್ಟೀಲ್ ಚಮಚದ ಮೇಲೆ 'ಟಕ್' ಎಂದು ಕೇಳಿತಂತೆ. "ನೋಡಿದೆಯಾ, ನಾನು ಹೇಳಿರಲಿಲ್ಲವಾ?" ಎಂದರು. ನಾನು ಎದುರು ಮಾತನಾಡಲಿಲ್ಲ. ಉಪ್ಪ ಮಾತ್ರ ಈಗ ಪಲ್ಲ್‌ಗೆ ಮದ್ದು ಕೇಳಿಕೊಂಡು ಬಂದವರನ್ನು ಮೊದಲು ಕೇಳುತ್ತಾರೆ: "ಜ್ವರ ಉಂಟಾ? ಎಷ್ಟು ದಿನ ಆಯಿತು?"