ಹಾಲೂಡಿಸಲು ಹದಿನೈದು ನಿಮಿಷ

ಪೀಣ್ಯದ ಗಾರ್ಮೆಂಟ್ಸ್ ಒಂದರ ಶಿಶುಪಾಲನಾ ಕೇಂದ್ರದಲ್ಲಿ ಬಹಳ ವರ್ಷ ಮಕ್ಕಳನ್ನು ನೋಡಿಕೊಂಡವಳು ನಾನು. ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಕ್ಕಳು ಮೊದಲ ವಾರದಲ್ಲೇ ಕೇಳುತ್ತಿದ್ದರು: “ಆಯಮ್ಮ, ಹಾಲು ಕಮ್ಮಿ ಆಗ್ತಿದೆ, ಏನು ತಿನ್ಲಿ?” ಅವರ ಬುತ್ತಿಯಲ್ಲಿ ಆಗಲೇ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸಾರು ಇರುತ್ತಿತ್ತು. ತಿನ್ನಲಿ, ಹಾಲೂಡಿಸುವವಳಿಗೆ ಹೊಟ್ಟೆ ತುಂಬ ಊಟ ಬೇಕೇ ಬೇಕು. ಆದರೆ ಎದೆ ತುಂಬಿ ಗಂಟೆಗಟ್ಟಲೆ ಹಾಗೇ ಉಳಿದರೆ ಹಾಲು ಊರುವುದೇ ತಗ್ಗುತ್ತದೆ. ಮಗು ಕುಡಿದಷ್ಟೂ, ಕೈಯಿಂದ ಹಿಂಡಿ ತೆಗೆದಷ್ಟೂ ಮತ್ತೆ ಬರುತ್ತದೆ. ಅವರಿಗೆ ಬೇಕಿದ್ದದ್ದು ಹೊತ್ತು. ಆ ಹೊತ್ತಿಗಾಗಿ ನೂರು ವರ್ಷದಿಂದ ಹೋರಾಟ ನಡೆದಿದೆ ಎಂದು ನನಗೆ ತಿಳಿದದ್ದು ಯೂನಿಯನ್ ಸಭೆಗಳಿಗೆ ಹೋಗತೊಡಗಿದ ಮೇಲೆ.

ನನ್ನ ತಾಯಿ ಕಳೆ ತೆಗೆಯಲು ಹೋಗುವಾಗ ಕೂಸನ್ನು ಜೊತೆಗೇ ಒಯ್ಯುತ್ತಿದ್ದಳು. ಬದುವಿನ ಮರಕ್ಕೆ ಹಳೇ ಸೀರೆಯ ಜೋಲಿ. ಅತ್ತಾಗ ಎದ್ದು ಬಂದು ಹಾಲು ಕೊಡುವುದು. ಕಷ್ಟದ ಬದುಕೇ, ಆದರೆ ಕೂಸು ಕೂಗಳತೆಯಲ್ಲಿತ್ತು. ಆ ಅಳತೆಯನ್ನು ಮುರಿದದ್ದು ಗಿರಣಿ. ಮುಂಬೈಯ ಬಟ್ಟೆ ಗಿರಣಿಗಳಿಗೆ ಹೋದ ತಾಯಂದಿರು ಕೂಸನ್ನು ಚಾಳಿನಲ್ಲಿ ಬಿಟ್ಟು ಹೋಗಬೇಕಿತ್ತು. ಅಳದಿರಲೆಂದು ಅಫೀಮು ಬೆರೆಸಿದ ‘ಬಾಲ ಗೋಳಿ’ ತಿನ್ನಿಸುತ್ತಿದ್ದರು. ಗಿರಣಿಯ ಹೆಂಗಸರ ಸ್ಥಿತಿ ನೋಡಲು ಸರ್ಕಾರ ನೇಮಿಸಿದ್ದ ವೈದ್ಯೆ ಬಾರ್ನ್ಸ್ 1922ರಲ್ಲೇ ಇದನ್ನು ವರದಿ ಮಾಡಿದರು. ಮಲಗಿಯೇ ಇರುವ ಕೂಸು ಹಾಲು ಕೇಳುವುದಿಲ್ಲ; ಕೇಳದ ಕೂಸಿನ ತಾಯಿಯ ಹಾಲು ಬತ್ತುತ್ತದೆ. ಆ ತಾಯಂದಿರನ್ನು ದೂರಲು ನನ್ನಿಂದಾಗದು.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ದಿನಕ್ಕೆರಡು ಸಲ ಅರ್ಧರ್ಧ ಗಂಟೆ ಬಿಡುವು ಕೊಡಬೇಕೆಂದಿತು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಅಂಬೇಡ್ಕರ್ ಅದರ ಪರ ನಿಂತರು. ಬಾಣಂತಿಗೆ ವಿಶ್ರಾಂತಿ ಕೊಡುವುದು ದೇಶದ ಹಿತವೆಂದು ವಾದಿಸಿದರು. ಮರುವರ್ಷ ಕಾಯ್ದೆಯಾಯಿತು. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುಪಾಲನಾ ಕೋಣೆ ಇರಲೇಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ನನ್ನ ಕೆಲಸ ಹುಟ್ಟಿದ್ದೇ ಅಲ್ಲಿಂದ.

1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಟ್ಟಿತು. ಎಷ್ಟು ಹೊತ್ತು? ಗಣಿ ಮತ್ತು ಸರ್ಕಸ್ಸಿನ ತಾಯಂದಿರಿಗಾಗಿ 1963ರಲ್ಲಿ ಕೇಂದ್ರ ಮಾಡಿದ ನಿಯಮ ಒಂದೊಂದಕ್ಕೆ ಹದಿನೈದು ನಿಮಿಷ ಎಂದಿತು. ಹೋಗಿ ಬರಲು ಬೇರೆ ಸಮಯ ಕೊಡಬೇಕೆಂದೂ ಅದರಲ್ಲಿದೆ. ಬರೆದವರು ನಡಿಗೆಯ ದೂರವನ್ನೂ ನೆನೆದಿದ್ದರು ಎಂಬುದು ನನಗೆ ಸಮಾಧಾನ.

ಆದರೂ ನಮ್ಮ ಗಾರ್ಮೆಂಟ್ಸ್‌ನಲ್ಲಿ ಆ ಹದಿನೈದು ನಿಮಿಷ ಎಷ್ಟೆಂದು ನೋಡಿದವರಿಗೇ ಗೊತ್ತು. ಮೆಷಿನ್ ಬಿಟ್ಟೇಳಲು ಸೂಪರ್‌ವೈಸರ್ ಒಪ್ಪಬೇಕು. ಬಟ್ಟೆಯ ಧೂಳು ತೊಳೆದುಕೊಂಡು ಬಂದರೆ ಕೂಸು ನಿದ್ದೆಯಲ್ಲಿ. ಎಬ್ಬಿಸಿ ಮಡಿಲಿಗಿಟ್ಟರೂ ತಾಯಿಯ ಕಣ್ಣು ಗಡಿಯಾರದ ಮೇಲೆ. ಟಾರ್ಗೆಟ್ಟಿನ ಆತಂಕದಲ್ಲಿ ಇರುವ ಹಾಲೂ ಸಲೀಸಾಗಿ ಇಳಿಯುವುದಿಲ್ಲ. ಅಂಥವರಿಗೆ ನಾನು ಗಡಿಯಾರಕ್ಕೆ ಬೆನ್ನು ಮಾಡಿ ಕೂರಲು ಹೇಳುತ್ತಿದ್ದೆ, ಹೊತ್ತು ನಾನು ನೋಡಿಕೊಳ್ಳುತ್ತಿದ್ದೆ. ರಾತ್ರಿ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಕೇಳಿದಾಗೆಲ್ಲ ಕುಡಿಸಿ ಎನ್ನುತ್ತಿದ್ದೆ. ಹಾಲೂರಿಸುವ ಹಾರ್ಮೋನು ರಾತ್ರಿ ಹೆಚ್ಚು.

2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಬರೀ ಎದೆಹಾಲು ಸಾಕಾಗುವ ಆರು ತಿಂಗಳಿಗೆ ಅದು ಸರಿಹೊಂದುತ್ತದೆ. 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಭೇಟಿ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸದ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ ‘ಕೂಸಿನ ಮನೆ’ಗಳನ್ನು ತೆರೆಯಿತು. ಮನೆಯಲ್ಲೇ ಕೂತು ಬೀಡಿ ಕಟ್ಟುವವಳಿಗೆ, ಬೆಳಗಾಗುತ್ತಲೇ ನಾಲ್ಕು ಮನೆಯ ಪಾತ್ರೆಗೆ ಓಡುವವಳಿಗೆ ಹಾಲೂಡಿಸುವ ಬಿಡುವು ಲೆಕ್ಕ ಹಾಕಿ ಕೊಡುವವರು ಇನ್ನೂ ಬಂದಿಲ್ಲ. ಮುಂದಿನ ಕಾನೂನು ಅವರಿಂದ ಶುರುವಾಗಬೇಕು.