ಸಿ. ಸುಬ್ರಮಣಿಯಂ ಅವರ ಆತ್ಮಕಥನ: ಪ್ರಕಟಣೆ, ಸ್ವೀಕಾರ ಮತ್ತು ನಮ್ಮ ಓದು

ಕೊಯಮತ್ತೂರು ಜಿಲ್ಲೆಯಲ್ಲಿ ಹುಟ್ಟಿ ರಾಷ್ಟ್ರದ ರಾಜಕಾರಣದಲ್ಲಿ ಹಿರಿಯ ಹೊಣೆಗಳನ್ನು ನಿರ್ವಹಿಸಿದವರಲ್ಲಿ ಸಿ. ಸುಬ್ರಮಣಿಯಂ (1910–2000) ಪ್ರಮುಖರು. ‘ಹ್ಯಾಂಡ್ ಆಫ್ ಡೆಸ್ಟಿನಿ’, ಎಂದರೆ ‘ವಿಧಿಯ ಕೈ’, ಎಂಬುದು ಅವರ ಆತ್ಮಕಥನದ ಹೆಸರು. ತುಡಿಯಲೂರು ಮತ್ತು ಸುತ್ತಲಿನ ಕನ್ನಡ ಮನೆಗಳಿಗೆ ಈ ಗ್ರಂಥ ಎರಡು ಕಾರಣಗಳಿಂದ ಮುಖ್ಯವಾಗುತ್ತದೆ. ಮೊದಲನೆಯದು ಬೇಸಾಯ, ಎರಡನೆಯದು ಭಾಷೆ.

ಲೇಖಕರು

ಸುಬ್ರಮಣಿಯಂ ಅವರು 1910ರ ಜನವರಿ 30ರಂದು ಪೊಳ್ಳಾಚಿ ಸಮೀಪದ ಸೆಂಗುಟ್ಟೈಪಾಳೈಯಂನಲ್ಲಿ ರೈತ ಮನೆತನದಲ್ಲಿ ಜನಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡು, ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರಿಂದ 1962ರವರೆಗೆ ಮದ್ರಾಸ್ ರಾಜ್ಯದಲ್ಲಿ ಹಣಕಾಸು ಹಾಗೂ ಶಿಕ್ಷಣ ಖಾತೆಗಳನ್ನು ವಹಿಸಿದ್ದ ಮಂತ್ರಿಯಾಗಿದ್ದರು. ಕಾಮರಾಜರ ಆಡಳಿತದಲ್ಲಿ ಶಾಲೆಗಳ ಮಧ್ಯಾಹ್ನದೂಟದ ಯೋಜನೆ ವಿಸ್ತರಿಸಿದ್ದು ಇದೇ ಅವಧಿಯಲ್ಲಿ. 1962ರಲ್ಲಿ ಕೇಂದ್ರ ಸಂಪುಟವನ್ನು ಸೇರಿ, 1964ರಿಂದ 1967ರವರೆಗೆ ಆಹಾರ ಮತ್ತು ಕೃಷಿ ಖಾತೆಯನ್ನೂ, ಮುಂದೆ ಹಣಕಾಸು ಖಾತೆಯನ್ನೂ ನಿರ್ವಹಿಸಿದರು. 1971ರಲ್ಲಿ ಅವರು ಲೋಕಸಭೆಗೆ ಆಯ್ಕೆಯಾದದ್ದು ಕೃಷ್ಣಗಿರಿ ಕ್ಷೇತ್ರದಿಂದ. 1998ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು.

ಪ್ರಕಟಣೆ

ಅವರು ಮಹಾರಾಷ್ಟ್ರದ ರಾಜ್ಯಪಾಲರ ಹುದ್ದೆಯಿಂದ ನಿರ್ಗಮಿಸಿದ 1993ರಲ್ಲೇ ಮೊದಲ ಸಂಪುಟ ‘ದಿ ಟರ್ನಿಂಗ್ ಪಾಯಿಂಟ್’ ಹೊರಬಂದಿತು. ಎರಡನೆಯ ಸಂಪುಟ ‘ದಿ ಗ್ರೀನ್ ರೆವಲ್ಯೂಷನ್’ 1995ರಲ್ಲಿ ಪ್ರಕಟವಾಯಿತು. ಪ್ರಕಾಶಕರು ಭಾರತೀಯ ವಿದ್ಯಾಭವನ. ಗ್ರಂಥದ ಭಾಷೆ ಇಂಗ್ಲಿಷ್.

ಬೇಸಾಯದ ಅಧ್ಯಾಯ

ಅವರು ಕೃಷಿ ಖಾತೆಯನ್ನು ಒಪ್ಪಿಕೊಂಡಾಗ ದೇಶವು ಅಮೆರಿಕದಿಂದ ಬರುವ ಗೋಧಿಯ ಹಡಗುಗಳನ್ನು ಕಾದು ಕುಳಿತಿತ್ತು. 1965ರಲ್ಲಿ ಮಳೆ ಕೈಕೊಟ್ಟಿತು. ಗಿಡ್ಡ ತಳಿಯ ಗೋಧಿಯನ್ನು ವ್ಯಾಪಕವಾಗಿ ಬಿತ್ತಬೇಕೆಂಬ ನಿಲುವನ್ನು ಸುಬ್ರಮಣಿಯಂ ತಾಳಿದರು. ವಿದೇಶಿ ವಿನಿಮಯದ ಕೊರತೆಯನ್ನೂ ರಸಗೊಬ್ಬರದ ವೆಚ್ಚವನ್ನೂ ಮುಂದಿಟ್ಟು ಸರ್ಕಾರದೊಳಗೇ ಅನೇಕರು ವಿರೋಧಿಸಿದರು. ಆದರೂ 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿಯನ್ನು ತರಿಸಲಾಯಿತು. 1964–65ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಇದ್ದ ಗೋಧಿಯ ಇಳುವರಿ 1967–68ರಲ್ಲಿ ಸುಮಾರು 1 ಕೋಟಿ 65 ಲಕ್ಷ ಟನ್ನಿಗೆ ಏರಿತು. ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ 1965ರಲ್ಲಿ, ಅವರ ಕಾಲದಲ್ಲೇ ಸ್ಥಾಪನೆಗೊಂಡವು. ಆದರೆ ಆ ದಾಖಲೆಯ ಬೆಳೆ ಕಣಕ್ಕೆ ಬರುವ ಮುನ್ನವೇ, 1967ರ ಚುನಾವಣೆಯಲ್ಲಿ, ಅವರು ಸೋತಿದ್ದರು.

ತುಡಿಯಲೂರಿನ ಕೃಷಿ ಸೇವಾ ಸಹಕಾರ ಸಂಘದಲ್ಲಿ ಬೀಜ, ಗೊಬ್ಬರ ಕೊಂಡು ಬೇಸಾಯ ಮಾಡಿದ ಹಿರಿಯರಿಗೆ ಈ ಅಧ್ಯಾಯ ಹೊರಗಿನ ಸಂಗತಿಯಲ್ಲ. ದೆಹಲಿಯ ಆ ನಿರ್ಧಾರದ ಫಲವನ್ನೂ, ಗೊಬ್ಬರದ ಖರ್ಚು ಮತ್ತು ಬತ್ತುತ್ತಿರುವ ಬಾವಿಗಳ ರೂಪದಲ್ಲಿ ಅದರ ಬೆಲೆಯನ್ನೂ ಅವರು ಹೊಲದಲ್ಲೇ ಕಂಡವರು.

ಭಾಷೆಯ ಅಧ್ಯಾಯ

1965ರ ಜನವರಿ 26ರಿಂದ ಹಿಂದಿಯು ಕೇಂದ್ರದ ಪ್ರಧಾನ ಆಡಳಿತ ಭಾಷೆಯಾಗುವ ಸಂದರ್ಭದಲ್ಲಿ ಮದ್ರಾಸ್ ರಾಜ್ಯದಾದ್ಯಂತ ಚಳವಳಿ ಭುಗಿಲೆದ್ದಿತು, ಪ್ರಾಣಹಾನಿಯೂ ಆಯಿತು. ಆ ಫೆಬ್ರವರಿಯಲ್ಲಿ ಸುಬ್ರಮಣಿಯಂ ಮತ್ತು ಒ.ವಿ. ಅಳಗೇಶನ್ ಕೇಂದ್ರದ ಮಂತ್ರಿಪದವಿಗಳಿಗೆ ರಾಜೀನಾಮೆಯಿತ್ತರು. ಇಂಗ್ಲಿಷ್ ಬಳಕೆಯನ್ನು ಕುರಿತು ನೆಹರೂ ನೀಡಿದ್ದ ಭರವಸೆಯನ್ನು ಪಾಲಿಸುವುದಾಗಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಕಾಶವಾಣಿಯ ಮೂಲಕ ಸಾರಿದರು. ರಾಜೀನಾಮೆಗಳು ಅಂಗೀಕಾರವಾಗಲಿಲ್ಲ. 1967ರ ತಿದ್ದುಪಡಿಯು ಆ ಭರವಸೆಗೆ ಕಾನೂನಿನ ಬಲವನ್ನಿತ್ತಿತು.

ತನ್ನ ಮಾತೃಭಾಷೆಯೇ ತನಗೆ ಅಡ್ಡಿಯಾಗಬಾರದೆಂಬುದು ಆ ಹೋರಾಟದ ತಿರುಳು. ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ನಾವೂ ಕೇಳುತ್ತಿರುವುದು ಅದನ್ನೇ. ರಾಜ್ಯದ ಬಹುಸಂಖ್ಯಾತ ಭಾಷಿಕರು ದೇಶದಲ್ಲಿ ಅಲ್ಪಸಂಖ್ಯಾತರಾಗಿ ಅನುಭವಿಸಿದ ಆತಂಕವನ್ನು, ರಾಜ್ಯದೊಳಗೆ ಅಲ್ಪಸಂಖ್ಯಾತರಾದವರು ಪ್ರತಿದಿನವೂ ಬಲ್ಲರು. ಸುಬ್ರಮಣಿಯಂ ಸದಸ್ಯರಾಗಿದ್ದ ಸಂವಿಧಾನ ಸಭೆಯೇ 29 ಮತ್ತು 30ನೆಯ ವಿಧಿಗಳನ್ನು ಅಂಗೀಕರಿಸಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿಯು 1956ರ ರಾಜ್ಯ ಪುನರ್ವಿಂಗಡಣೆಯೊಡನೆ ಬಂದಿತು. ಆಗಲೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಜಿಲ್ಲೆಯ ಉಳಿದ ಊರುಗಳ ಕನ್ನಡಿಗರು ಇಲ್ಲಿಯೇ ಉಳಿದರು.

ಸ್ವೀಕಾರ

ಹಸಿರು ಕ್ರಾಂತಿಯ ಇತಿಹಾಸವನ್ನು ಬರೆಯುವವರು ಈ ಗ್ರಂಥವನ್ನು ಮೂಲ ಆಕರವಾಗಿ ಬಳಸುತ್ತ ಬಂದಿದ್ದಾರೆ. ನಿರ್ಧಾರ ಕೈಗೊಂಡವರೇ ಬರೆದದ್ದು ಎಂಬುದು ಅದರ ಬಲ. ಮಿತಿಯೂ ಅದೇ. ಆದುದರಿಂದಲೇ ಸಂಶೋಧಕರು ಅಂದಿನ ಕೃಷಿ ಕಾರ್ಯದರ್ಶಿ ಬಿ. ಶಿವರಾಮನ್ ಅವರ ‘ಬಿಟರ್ ಸ್ವೀಟ್’ನಂಥ ಬರಹಗಳನ್ನೂ, ಕ್ರಾಂತಿಯ ದುಷ್ಪರಿಣಾಮಗಳನ್ನು ಎತ್ತಿ ತೋರಿದ ವಿಮರ್ಶೆಗಳನ್ನೂ ಇದರ ಪಕ್ಕದಲ್ಲಿಟ್ಟು ತೂಗುತ್ತಾರೆ.

ಇನ್ನೊಂದು ಜೋಡಿಯನ್ನು ನಾವು ಸೂಚಿಸಬಯಸುತ್ತೇವೆ. ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಆತ್ಮಕಥೆ ‘ಮೈ ಲೈಫ್ ಅಂಡ್ ಪಾಲಿಟಿಕ್ಸ್’ 2000ದಲ್ಲಿ, ಅದೂ ಇಂಗ್ಲಿಷಿನಲ್ಲಿ, ಪ್ರಕಟವಾಯಿತು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಬಣದ ಅಧ್ಯಕ್ಷರು. ಇಂದಿರಾ ಗಾಂಧಿಯವರ ಬಣಕ್ಕೆ ಸುಬ್ರಮಣಿಯಂ ಹಂಗಾಮಿ ಅಧ್ಯಕ್ಷರು. ಇಬ್ಬರೂ 2000ದಲ್ಲೇ ತೀರಿಕೊಂಡರು. ಒಂದೇ ಕಾಲವನ್ನು ಎದುರುಬದುರು ನಿಂತು ಕಂಡ ಇಬ್ಬರಲ್ಲಿ ಒಬ್ಬರನ್ನಷ್ಟೇ ಓದಿದವರಿಗೆ ಆ ಕಾಲದ ಅರ್ಧ ಚಿತ್ರ ಮಾತ್ರ ದೊರೆಯುತ್ತದೆ.

ಮನೆಯಲ್ಲಿ ಓದುವ ಬಗೆ

ಆತ್ಮಕಥೆ ಸಾಕ್ಷಿಯ ಹೇಳಿಕೆಯೇ ಹೊರತು ತೀರ್ಪಲ್ಲ. ಪ್ರೌಢಶಾಲೆಯ ಮಕ್ಕಳೊಡನೆ ಇಂಥ ಗ್ರಂಥವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದು: ಲೇಖಕರು ಆಗ ಯಾವ ಸ್ಥಾನದಲ್ಲಿದ್ದರು? ಘಟನೆ ನಡೆದ ಎಷ್ಟು ವರ್ಷಗಳ ಬಳಿಕ ಬರೆದರು? ಅದನ್ನೇ ಬೇರೊಬ್ಬರು ಹೇಗೆ ಹೇಳಿದ್ದಾರೆ? 1965ರ ಸಂಗತಿಗಳು ಅಚ್ಚಾದದ್ದು ಸುಮಾರು ಮೂವತ್ತು ವರ್ಷಗಳ ಅನಂತರ ಎಂಬುದನ್ನು ಮಕ್ಕಳು ತಾವೇ ಲೆಕ್ಕಹಾಕಲಿ.

ಮಂತ್ರಿಗಳ ಆತ್ಮಕಥೆಗಳಲ್ಲಿ ಹೆಚ್ಚಾಗಿ ಕಾಣುವುದು ಸಂಪುಟ ಸಭೆಗಳ ಲೋಕ. ಹಳ್ಳಿಯ ಕನ್ನಡ ಶಾಲೆಯಲ್ಲಿ ಯಾರು ಕಲಿಸಿದರು, ಎಷ್ಟು ಮಕ್ಕಳಿದ್ದರು, 1965ರ ಗಲಭೆಯ ದಿನಗಳಲ್ಲಿ ಕನ್ನಡ ಮನೆಗಳು ಹೇಗಿದ್ದವು ಎಂಬುದನ್ನು ಬರೆಯಬೇಕಾದವರು ನಾವೇ. ಆ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಮನೆಯ ಅಜ್ಜ ಅಜ್ಜಿಯರ ಮಾತನ್ನು, ಹೇಳಿದವರ ಹೆಸರು, ಊರು, ದಿನಾಂಕಗಳೊಡನೆ, ಮಕ್ಕಳು ಕನ್ನಡದಲ್ಲಿ ಈ ವರ್ಷವೇ ಬರೆದಿಡಲೆಂದು ನಾವು ಓದುಗ ಕುಟುಂಬಗಳನ್ನು ಕೋರುತ್ತೇವೆ.